ಅಪ್‌ಡೇಟ್: ನೆರೆ ನುಗ್ಗಿದ್ದ ನಮ್ಮ ಶಾಲೆಯ ಹತ್ತನೇ ತರಗತಿ

2019ರ ಆಗಸ್ಟ್‌ನಲ್ಲಿ ನವಿಲುತೀರ್ಥ ಜಲಾಶಯದಿಂದ ನೀರು ಬಿಟ್ಟು ಮಲಪ್ರಭೆ ಉಕ್ಕಿದಾಗ ನಿಮ್ಮನ್ನು ಕೇಳಿದ್ದೆ. ನರಗುಂದ ತಾಲ್ಲೂಕಿನ ನಮ್ಮ ಶಾಲೆಯಲ್ಲಿ ಪುಸ್ತಕ, ನೋಟ್ಸ್ ಎಲ್ಲಾ ನೆನೆದಿವೆ, ಎಸ್ಸೆಸ್ಸೆಲ್ಸಿ ಮಕ್ಕಳನ್ನು ಹೇಗೆ ತಯಾರು ಮಾಡಲಿ ಅಂತ. ಈಗ ಫಲಿತಾಂಶ ಬಂದಿದೆ, ಅದಕ್ಕೇ ಬರೆಯುತ್ತಿದ್ದೇನೆ.

ಮೊದಲ ಕೆಲಸ ಕೆಸರು ತೆಗೆಯುವುದೇ ಆಯಿತು. ಎರೆಮಣ್ಣು ಒಣಗಿದರೆ ಸಲಿಕೆಗೂ ಬಗ್ಗುವುದಿಲ್ಲ, ಹಸಿಯಿದ್ದಾಗಲೇ ಬಳಿದು ಹಾಕಬೇಕು. ಪಾಲಕರು ತಾವೇ ಬಂದು ನಿಂತರು. ಅವರ ಮನೆಗಳೇ ಬಿದ್ದಿದ್ದವು, ಆದರೂ ಬಂದರು. ಆ ಋಣ ದೊಡ್ಡದು.

ನೀವು ಹೇಳಿದ ಹಾಗೆ ಹಳೇ ವಿದ್ಯಾರ್ಥಿಗಳ ಪುಸ್ತಕ ಕೂಡಿಸಿದೆವು. ಅದು ತುಂಬಾ ಉಪಯೋಗವಾಯಿತು. ನೆನೆದ ಪುಸ್ತಕಗಳ ಹಾಳೆ ನಡುವೆ ಪೇಪರ್ ಇಟ್ಟು, ನೆರಳಲ್ಲಿ ಒಣಗಿಸಿದೆವು. ಬಿಸಿಲಿಗೆ ಹಾಕಿದವು ಸೊಟ್ಟಗಾಗಿ ರಟ್ಟು ಕಿತ್ತುಕೊಂಡವು. ಗಣಿತದ ನೋಟ್ಸ್ ಮಾತ್ರ ಮಕ್ಕಳು ಮತ್ತೆ ಮೊದಲಿನಿಂದ ಬರೆದರು. ಬರೆಯುತ್ತಾ ಲೆಕ್ಕ ಗಟ್ಟಿಯಾಯಿತು ಅಂತ ನನಗನಿಸುತ್ತದೆ.

ಅಷ್ಟರಲ್ಲಿ ಕೊರೊನಾ ಬಂತು. 2020ರ ಮಾರ್ಚ್ 27ಕ್ಕೆ ಇದ್ದ ಪರೀಕ್ಷೆ ಜೂನ್ 25ಕ್ಕೆ ಹೋಯಿತು. ಮಾಸ್ಕ್ ಹಾಕಿಕೊಂಡು, ದೂರ ದೂರ ಕೂತು ಬರೆದರು. ಆಗಸ್ಟ್ 10ಕ್ಕೆ ಫಲಿತಾಂಶ ಬಂತು. ನೆರೆಯಲ್ಲಿ ಮನೆ ಕಳೆದುಕೊಂಡು ಶೆಡ್ಡಿನಲ್ಲಿ ಓದಿದ ಹುಡುಗಿ ಪ್ರಥಮ ದರ್ಜೆಯಲ್ಲಿ ಪಾಸಾಗಿದ್ದಾಳೆ. ಇದಕ್ಕಿಂತ ಖುಷಿ ಏನಿದೆ, ಅಲ್ವಾ?

ಹಾಜರಿ ಪುಸ್ತಕ, ದಾಖಲಾತಿ ರಿಜಿಸ್ಟರ್‌ಗಳನ್ನು ಈಗ ಎತ್ತರದ ಕಪಾಟಿನಲ್ಲಿ, ಪ್ಲಾಸ್ಟಿಕ್ ಚೀಲದೊಳಗೆ ಇಡುತ್ತೇವೆ. ಪಠ್ಯಪುಸ್ತಕದ ಚಿಂತೆ ಇಲ್ಲ. ಲೈಬ್ರರಿಗೆ ಕಥೆ ಪುಸ್ತಕ ಮಾತ್ರ ಇನ್ನೂ ಬೇಕು, ಕೊಡುವವರು ಇದ್ದರೆ ತಿಳಿಸಿ.