‘ಪರ್ಸನಾಲಿಟಿ’ಗೆ ವ್ಯಕ್ತಿತ್ವವೋ ಸ್ವಭಾವವೋ?

ಪ್ರಶ್ನೆ: ಸ್ಟ್ರಾಟಜಿ ಗೇಮ್ ಒಂದರ ಮೆನುವನ್ನು ಕನ್ನಡಕ್ಕೆ ತರುತ್ತಿದ್ದೇವೆ. ಕಂಪ್ಯೂಟರ್ ಎದುರಾಳಿಯ ‘ಪರ್ಸನಾಲಿಟಿ’ಗೆ ‘ವ್ಯಕ್ತಿತ್ವ’ ಎಂದೂ ‘ಡಿಫಿಕಲ್ಟಿ’ಗೆ ‘ಕಠಿಣತೆ’ ಎಂದೂ ಹಾಕಿದ್ದೇವೆ. ಎದುರಾಳಿ ಯಾವುದರ ಕಡೆ ಎಷ್ಟು ವಾಲುತ್ತಾನೆಂದು ಹೇಳುವ ‘ಫ್ಲೇವರ್’ಗೆ ‘ರುಚಿ’ ಒಪ್ಪುತ್ತಿಲ್ಲ. ‘ಅಗ್ರೆಶನ್’ಗೆ ‘ಆಕ್ರಮಣಶೀಲತೆ’ ಸಾಕೇ? ಬಲ್ಲವರು ತಿಳಿಸಿ.

ಉತ್ತರ: ವ್ಯಕ್ತಿತ್ವ ಬೇಡ, ‘ಸ್ವಭಾವ’ ಇಡಿ. ಸಿವಿಲೈಸೇಶನ್ 4 ಎಂಬ ಸ್ಟ್ರಾಟಜಿ ಗೇಮ್‌ನಲ್ಲಿ ‘ರಾಂಡಮ್ ಪರ್ಸನಾಲಿಟೀಸ್’ ಎಂಬ ಆಯ್ಕೆ ಇದೆ. ಅದನ್ನು ಆರಿಸಿದರೆ ಕಂಪ್ಯೂಟರ್ ಆಡಿಸುವ ನಾಯಕರ ಮುಖ, ಹೆಸರು ಹಾಗೇ ಉಳಿದು ನಡವಳಿಕೆ ಮಾತ್ರ ಅದಲುಬದಲಾಗುತ್ತದೆ. ಗಾಂಧಿಯ ಮುಖದ ಹಿಂದೆ ಅಜ್ಟೆಕ್ ದೊರೆ ಮೊಂಟೆಜುಮಾನ ಯುದ್ಧದಾಹ ಇರಬಹುದು. ನಮ್ಮಲ್ಲಿ ವ್ಯಕ್ತಿತ್ವ ಎಂದರೆ ಮಾತು, ನಿಲುವು, ತೋರಿಕೆ ಎಲ್ಲವೂ ಸೇರುತ್ತವೆ. ಇಲ್ಲಿ ಬದಲಾಗುವುದು ಸ್ವಭಾವ ಒಂದೇ.

ಡಿಫಿಕಲ್ಟಿಗೆ ‘ಮಟ್ಟ’ ಸಾಕು. ಅದೇ ಸರಣಿಯ ಸಿವಿಲೈಸೇಶನ್ 5ರಲ್ಲಿ ‘ಪ್ರಿನ್ಸ್’ ಎಂಬ ನಡುವಿನ ಮಟ್ಟ ದಾಟಿದ ಮೇಲೆ ಎದುರಾಳಿಗೆ ರಿಯಾಯಿತಿಗಳು ಸಿಗುತ್ತವೆಯೇ ಹೊರತು ಸ್ವಭಾವ ಬದಲಾಗುವುದಿಲ್ಲ. ಎರಡನ್ನೂ ಒಂದೇ ಶೀರ್ಷಿಕೆಯಡಿ ತುರುಕಬೇಡಿ.

ಫ್ಲೇವರ್‌ಗೆ ‘ಒಲವು’ ಸರಿಹೊಂದುತ್ತದೆ. ಸಿವಿಲೈಸೇಶನ್ 5ರಲ್ಲೇ ದಾಳಿ, ರಕ್ಷಣೆ, ವಿಸ್ತರಣೆ, ವಿಜ್ಞಾನ ಹೀಗೆ ಒಂದೊಂದು ಒಲವಿಗೂ ಸಾಮಾನ್ಯವಾಗಿ 10ರೊಳಗಿನ ಅಂಕಿ ಇರುತ್ತದೆ. ಆಟ ಶುರುವಾಗುವಾಗ ಅದು 2ರಷ್ಟು ಆಚೀಚೆ ಆಗುತ್ತದೆ. ಹಾಗಾಗಿ ಒಬ್ಬನೇ ನಾಯಕ ಪ್ರತಿ ಆಟದಲ್ಲೂ ತುಸು ಬೇರೆಯೇ. ಮುಂದೇನು ಕಟ್ಟಬೇಕೆಂದು ತೂಗುವಾಗ ಈ ಅಂಕಿಗಳು ಒಂದಕ್ಕೊಂದು ಪೈಪೋಟಿಗೆ ಇಳಿಯುತ್ತವೆ. 8 ಎಂದರೆ 80 ಶೇಕಡಾ ಅಲ್ಲ. ಎಲ್ಲವನ್ನೂ 10ಕ್ಕೆ ಏರಿಸಿದರೆ ಎದುರಾಳಿ ಗಟ್ಟಿಗನಾಗುವುದಿಲ್ಲ, ಸ್ವಭಾವವೇ ಇಲ್ಲದವನಾಗುತ್ತಾನೆ. ‘ಪ್ರಮಾಣ’, ‘ಶಕ್ತಿ’ ಎಂಬ ಪದಗಳನ್ನು ಇಲ್ಲಿ ಬಳಸಿದರೆ ಆಟಗಾರ ಖಂಡಿತ ದಾರಿ ತಪ್ಪುತ್ತಾನೆ.

ಹೆಚ್ಚು ತೊಡಕಿರುವುದು ಅಗ್ರೆಶನ್‌ನಲ್ಲಿ. ನಿಮ್ಮ ಆಟದ ಫೈಲ್ ತೆರೆದು ಆ ಅಂಕಿ ಏನು ಮಾಡುತ್ತದೆಂದು ಮೊದಲು ನೋಡಿ. ಸಿವಿಲೈಸೇಶನ್ 4ರಲ್ಲಿ ಯುದ್ಧ ಸಾರುವ ಮನಸ್ಸು ಬೇರೆ, ಸೈನ್ಯ ಕಟ್ಟುವ ಒಲವು ಬೇರೆ. ಮೊದಲನೆಯದರ ಅಂಕಿ ತಲೆಕೆಳಗು: ಅದು ‘ಇಷ್ಟರಲ್ಲೊಂದು ಸಾಧ್ಯತೆ’ ಎಂಬ ಲೆಕ್ಕವಾದ್ದರಿಂದ, 400 ಇರುವವನಿಗಿಂತ 50 ಇರುವವನೇ ಬೇಗ ಯುದ್ಧಕ್ಕೆ ಮನಸ್ಸು ಮಾಡುತ್ತಾನೆ. ಅಂಥದಕ್ಕೆ ‘ಆಕ್ರಮಣಶೀಲತೆ: 400’ ಎಂದು ಬರೆದರೆ ಅರ್ಥ ಪೂರ್ತಿ ಉಲ್ಟಾ. ‘ಯುದ್ಧಕ್ಕೆ ಹಿಂಜರಿಕೆ’ ಎಂದರೆ ಅಂಕಿಯೂ ಪದವೂ ಒಂದೇ ದಿಕ್ಕಿಗೆ ಹೋಗುತ್ತವೆ. ಸೈನ್ಯದ್ದಕ್ಕೆ ‘ಪಡೆ ಕಟ್ಟುವ ಒಲವು’ ಎಂದು ಬೇರೆ ಸಾಲು ಕೊಡಿ. ಹಿಂಜರಿಕೆ ಕಡಿಮೆಯಿದ್ದು ಪಡೆಯೂ ಕಡಿಮೆಯಿದ್ದರೆ ಅವನು ತವಕಿಸುತ್ತಾನೆ, ಗೆಲ್ಲುವುದಿಲ್ಲ.

ಇನ್ನೊಬ್ಬರಿಂದ: ಮೇಲಿನದೆಲ್ಲ ಒಪ್ಪಿಗೆ. ಒಂದು ಸೇರ್ಪಡೆ. ಸಿವಿಲೈಸೇಶನ್ 5ರಲ್ಲಿ ‘ಡಿಸೆಪ್ಟಿವ್’ ಎಂಬ ಧೋರಣೆಯೂ ಇದೆ: ಎದುರಾಳಿ ಮಾತಿನಲ್ಲಿ ಸ್ನೇಹ ತೋರಿಸುತ್ತಲೇ ಒಳಗೊಳಗೆ ಹಗೆ ಸಾಧಿಸುತ್ತಾನೆ. ನಿಮ್ಮ ಆಟದಲ್ಲೂ ಅಂಥದಿದ್ದರೆ ‘ವಂಚಕ’ ಎನ್ನಬೇಡಿ, ಅದು ಬೈಗುಳದಂತಿದೆ. ‘ಒಳಗೊಂದು ಹೊರಗೊಂದು’ ಎನ್ನಿ. ಮೆನುವಿನಲ್ಲಿ ಜಾಗ ಸಾಲದಿದ್ದರೆ ‘ಕಪಟಿ’.