ಮೈಸೂರು–ಹುಬ್ಬಳ್ಳಿ ವಿಮಾನ: 386 ಕಿ.ಮೀ. ದೂರಕ್ಕೆ ಒಂದೂಕಾಲು ಗಂಟೆ ಏಕೆ?

ಪ್ರಶ್ನೆ: ಸರ್, ಮಂಡಕಳ್ಳಿಯಿಂದ (ಮೈಸೂರು ವಿಮಾನ ನಿಲ್ದಾಣ) ಹುಬ್ಬಳ್ಳಿ ವಿಮಾನ ನಿಲ್ದಾಣಕ್ಕೆ ಮ್ಯಾಪಿನಲ್ಲಿ ಗೆರೆ ಎಳೆದರೆ ಸುಮಾರು 386 ಕಿ.ಮೀ. ಬರುತ್ತದೆ. ಎಟಿಆರ್ (ಪ್ರೊಪೆಲ್ಲರ್ ಇರುವ ಸಣ್ಣ ವಿಮಾನ) ಗಂಟೆಗೆ 500 ಕಿ.ಮೀ. ಹಾರುತ್ತದಂತೆ. ಹಾಗಾದರೆ 46 ನಿಮಿಷ ಸಾಕಲ್ಲವೇ? ಇಷ್ಟು ದೂರಕ್ಕೆ ಒಂದೂಕಾಲು ಗಂಟೆ ಏಕೆ ಹಾಕುತ್ತಾರೆ?

ಉತ್ತರ (ಫ್ಲೈಟ್ ಡಿಸ್ಪ್ಯಾಚರ್, ಅಂದರೆ ವಿಮಾನದ ಹಾರಾಟದ ಯೋಜನೆ ಮಾಡುವವರು): ದೂರ ಸರಿಯಾಗಿದೆ, ಹತ್ತಿರಹತ್ತಿರ 208 ನಾಟಿಕಲ್ ಮೈಲಿ (ಒಂದಕ್ಕೆ 1.852 ಕಿ.ಮೀ.; ಮುಂದೆ ಮೈಲಿ ಎಂದರೆ ಇದೇ). ಆದರೆ 500ರ ವೇಗ ಸಿಗುವುದು ಮಧ್ಯದ ತುಂಡಿನಲ್ಲಿ ಮಾತ್ರ. ಎರಡೂ ಕಡೆ ರನ್‌ವೇ ಪೂರ್ವ-ಪಶ್ಚಿಮಕ್ಕಿದೆ (ಮೈಸೂರು 09/27, ಹುಬ್ಬಳ್ಳಿ 08/26; ಈ ಅಂಕಿಗೆ ಸೊನ್ನೆ ಸೇರಿಸಿದರೆ ರನ್‌ವೇ ಮುಖ ಮಾಡಿದ ದಿಕ್ಕಿನ ಡಿಗ್ರಿ ಸುಮಾರಾಗಿ ಸಿಗುತ್ತದೆ). ಹೋಗಬೇಕಾದ ದಿಕ್ಕು ಸುಮಾರು 334 ಡಿಗ್ರಿ, ಅಂದರೆ ಉತ್ತರ-ವಾಯವ್ಯ. 27ರಿಂದ ಎದ್ದರೆ ಬಲಕ್ಕೆ 64 ಡಿಗ್ರಿ ತಿರುಗಿದರೆ ಆಯಿತು. 09ರಿಂದ ಎದ್ದರೆ ಎಡಕ್ಕೆ 116 ಡಿಗ್ರಿ. ಇಳಿಯುವಾಗಲೂ ಹೀಗೇ ಸುತ್ತಬೇಕು. ಇದಕ್ಕೆಲ್ಲ 15 ಮೈಲಿ ಸೇರಿಸಿ, ಒಟ್ಟು 223 ಮೈಲಿ.

16,000 ಅಡಿಗೆ ಏರಲು 15 ನಿಮಿಷ ಹಿಡಿದರೆ ಅಷ್ಟರಲ್ಲಿ 50 ಮೈಲಿ ಸಾಗಿರುತ್ತದೆ. ಇಳಿಯಲು ಸಾವಿರ ಅಡಿಗೆ 3 ಮೈಲಿ ಎಂಬ ಲೆಕ್ಕ. ಹುಬ್ಬಳ್ಳಿಯೇ 2,171 ಅಡಿ ಎತ್ತರದಲ್ಲಿದೆ, ಹಾಗಾಗಿ ಇಳಿಯುವುದು ಸುಮಾರು 14,000 ಅಡಿ, 42 ಮೈಲಿ, 12 ನಿಮಿಷ. ಉಳಿದ 131 ಮೈಲಿಯನ್ನು 270 ನಾಟ್ (ಗಂಟೆಗೆ 270 ಮೈಲಿ, ಅಂದರೆ ನಿಮ್ಮ 500 ಕಿ.ಮೀ.) ವೇಗದಲ್ಲಿ 29 ನಿಮಿಷದಲ್ಲಿ ಮುಗಿಸಬಹುದು. ಗಾಳಿಯಲ್ಲಿ ಇರುವುದು 56 ನಿಮಿಷ.

ಆದರೆ ಟಿಕೆಟಿನ ಸಮಯ ಹಾರಾಟದ ಸಮಯವಲ್ಲ. ಇಲ್ಲಿ ಚಕ್ರದ ಅಡ್ಡಗಟ್ಟೆ ತೆಗೆದಲ್ಲಿಂದ ಅಲ್ಲಿ ಅಡ್ಡಗಟ್ಟೆ ಇಡುವವರೆಗೆ. ಪ್ಯಾರಲಲ್ ಟ್ಯಾಕ್ಸಿವೇ (ರನ್‌ವೇಗೆ ಸಮಾನಾಂತರವಾಗಿರುವ ಓಡಾಟದ ದಾರಿ) ಇಲ್ಲದ ಕಡೆ ರನ್‌ವೇ ಮೇಲೆಯೇ ತುದಿಯವರೆಗೆ ಹೋಗಿ ತಿರುಗಿ ನಿಲ್ಲಬೇಕು. ನೆಲದ ಮೇಲಿನ 12 ನಿಮಿಷ, ತಡಕ್ಕೆಂದು 7 ನಿಮಿಷ ಸೇರಿದರೆ ನಿಮ್ಮ 75 ಬಂತು.

ಪ್ರಶ್ನೆ: ಎದುರುಗಾಳಿಗೆ ಹೆಚ್ಚಾಗುವುದಿಲ್ಲವೇ?

ಉತ್ತರ: ಈ ಮಾರ್ಗದಲ್ಲಿ ಅಷ್ಟೇನಿಲ್ಲ. 20 ನಾಟ್ ಪಶ್ಚಿಮದ ಗಾಳಿ ಇದ್ದರೂ ಅದು ಓರೆಯಾಗಿ ಹೊಡೆಯುವುದರಿಂದ ಎದುರಿಗೆ ಬೀಳುವುದು 9 ನಾಟ್, ಒಂದೆರಡು ನಿಮಿಷದ ವ್ಯತ್ಯಾಸ. ನಿಜವಾದ ತೊಂದರೆ ಏಪ್ರಿಲ್-ಮೇ ಮಧ್ಯಾಹ್ನದ ಗುಡುಗಿನ ಮೋಡ. ಅದರೊಳಗೆ ನುಗ್ಗುವ ಹಾಗಿಲ್ಲ, ಬಳಸಿ ಹೋಗಬೇಕು. ಇನ್ನೊಂದು, ಒಂದೇ ಎಟಿಆರ್ ದಿನವಿಡೀ ಹಲವು ಊರು ಸುತ್ತುತ್ತದೆ. ಬೆಳಿಗ್ಗೆ ಮಂಜಿನಿಂದ ಒಂದು ಕಡೆ ತಡವಾದರೆ ಸಂಜೆಯವರೆಗೂ ಅದು ಎಳೆಯುತ್ತದೆ. ಸಮಯಕ್ಕೆ ತಲುಪಲೇಬೇಕಿದ್ದರೆ, ಮಂಜಿನ ಕಾಲ ಬಿಟ್ಟು, ದಿನದ ಮೊದಲ ಹಾರಾಟವನ್ನೇ ಹಿಡಿಯಿರಿ.

ಪ್ರಶ್ನೆ: ಜೆಟ್ ಹಾಕಿದರೆ ಬೇಗ ಆಗುತ್ತಿತ್ತಲ್ಲ?

ಉತ್ತರ: ಮೈಸೂರಿನ ರನ್‌ವೇ 1,740 ಮೀಟರ್. ಎರಡು ಸಾವಿರ ಅಡಿಗೂ ಮೇಲಿನ ಊರು, ಬೇಸಿಗೆಯ ಬಿಸಿ ಬೇರೆ. ತುಂಬಿದ ಎ320 ಜೆಟ್ ಅಲ್ಲಿಂದ ಏಳುವುದಿಲ್ಲ. ಎದ್ದರೂ ಇಷ್ಟು ಕಡಿಮೆ ದೂರದಲ್ಲಿ ಉಳಿಯುವುದು ಹೆಚ್ಚೆಂದರೆ ಹತ್ತು ನಿಮಿಷ.

ಪ್ರಶ್ನೆ: ನೇರ ವಿಮಾನ ಇಲ್ಲದಿದ್ದರೆ ಬೆಂಗಳೂರಿನ ಮೇಲೆ ಹೋಗಬಹುದೇ?

ಉತ್ತರ: ಎರಡೂ ತುಂಡಿಗೆ ವಿಮಾನ ಇದ್ದರೆ ಹೋಗಬಹುದು. ಗಾಳಿದೂರ ಮೈಸೂರು–ಬೆಂಗಳೂರು 157, ಬೆಂಗಳೂರು–ಹುಬ್ಬಳ್ಳಿ 371, ಒಟ್ಟು 528 ಕಿ.ಮೀ. ದೂರಕ್ಕಿಂತ ಹೆಚ್ಚು ಹೊತ್ತು ತಿನ್ನುವುದು ನಡುವಿನ ಕಾಯುವಿಕೆ. ಎರಡೂ ಹಾರಾಟ ಒಂದೇ ಪಿಎನ್‌ಆರ್‌ನಲ್ಲಿ (ಬುಕಿಂಗ್ ಸಂಖ್ಯೆಯಲ್ಲಿ) ಇರಲಿ. ಬೇರೆ ಬೇರೆ ಟಿಕೆಟ್ ಆದರೆ ಮೊದಲನೆಯದು ತಡವಾಗಿ ಎರಡನೆಯದು ತಪ್ಪಿದಾಗ ಹಣ ನಿಮ್ಮದೇ ಹೋಗುತ್ತದೆ. ಬ್ಯಾಗನ್ನೂ ಇಳಿಸಿಕೊಂಡು ಮತ್ತೆ ಚೆಕ್-ಇನ್ ಮಾಡಬೇಕು. ಕೌಂಟರ್ ಸಾಮಾನ್ಯವಾಗಿ ಹೊರಡುವ 60 ನಿಮಿಷ ಮುಂಚೆಯೇ ಮುಚ್ಚುತ್ತದೆ. ಹಾಗೆ ಹೋಗುವುದೇ ಆದರೆ ನಡುವೆ ಮೂರು ಗಂಟೆಯಾದರೂ ಬಿಡಿ.