ಗಾಯಗೊಂಡ ನಾಯಕರೆಲ್ಲ ಸಟ್‌ಕ್ಲಿಫ್ ಅವರೇ?

ಹಳೆಯ ಕಪಾಟು: ಇಂಗ್ಲೆಂಡಿನ ರೋಸ್ಮರಿ ಸಟ್‌ಕ್ಲಿಫ್ (1920–1992) ಹದಿಹರೆಯದವರಿಗಾಗಿ ಬರೆದ ಐತಿಹಾಸಿಕ ಕಾದಂಬರಿಗಳನ್ನು ಮತ್ತೆ ಓದುತ್ತಿದ್ದೇನೆ. ಎಳವೆಯಲ್ಲೇ ಸ್ಟಿಲ್ ಕಾಯಿಲೆ ಎಂಬ ಕೀಲುವಾತ ತಗುಲಿ, ಅವರ ಬದುಕಿನ ಬಹುಭಾಗ ಗಾಲಿಕುರ್ಚಿಯಲ್ಲೇ ಕಳೆಯಿತು. 1954ರ ‘ದಿ ಈಗಲ್ ಆಫ್ ದಿ ನೈನ್ತ್’ ಕಾದಂಬರಿಯ ರೋಮನ್ ಅಧಿಕಾರಿ ಮಾರ್ಕಸ್, ಕಾಲು ಜಖಂಗೊಂಡು ಸೈನ್ಯ ಬಿಡುತ್ತಾನೆ. 1958ರ ‘ವಾರಿಯರ್ ಸ್ಕಾರ್ಲೆಟ್’ನ ಡ್ರೆಮ್‌ಗೆ ಬಲಗೈ ಸ್ವಾಧೀನವಿಲ್ಲ, ಆದರೂ ತೋಳವೊಂದನ್ನು ಒಬ್ಬನೇ ಕೊಂದರಷ್ಟೇ ಕುಲದವರು ಅವನನ್ನು ಯೋಧನೆಂದು ಒಪ್ಪುವುದು. ಇದು ವೇಷ ಹಾಕಿದ ಆತ್ಮಕಥೆ ಎಂದೇ ನನ್ನ ವಾದ.

ಮಲೆಯಂಚು: ಆತ್ಮಕಥೆಯನ್ನು ಅವರು 1983ರಲ್ಲಿ ಬೇರೆಯಾಗಿಯೇ ಬರೆದಿದ್ದಾರೆ. ಆ ಹೊರೆಯನ್ನು ಕಾದಂಬರಿಗಳ ತಲೆಗೂ ಏಕೆ ಕಟ್ಟುತ್ತೀರಿ? ಹದಿನಾಲ್ಕಕ್ಕೆ ಶಾಲೆ ಬಿಟ್ಟು, ಬಿಡ್‌ಫರ್ಡ್ ಕಲಾಶಾಲೆಯಲ್ಲಿ ಕಲಿತು, ಮಿನಿಯೇಚರ್ ಎಂಬ ಪುಟಾಣಿ ಚಿತ್ರಗಳನ್ನು ಬರೆದು ಬದುಕಿದವರು ಅವರು. ಮೊದಲ ಪುಸ್ತಕ ಬಂದದ್ದು 1950ರಲ್ಲಿ. ಕತ್ತಿಯ ಹಿಡಿಯನ್ನೂ ಕಾಡುಹೂವನ್ನೂ ಅಷ್ಟು ಹತ್ತಿರದಿಂದ ತೋರಿಸುವ ಆ ಗದ್ಯ ಕುಂಚದ ಪಳಗಿಕೆಯಿಂದ ಬಂದದ್ದು. ಲೇಖಕಿಗೆ ಕಾಯಿಲೆಯಿತ್ತು ಎಂದ ಕೂಡಲೇ ಎಲ್ಲದಕ್ಕೂ ಕಾಯಿಲೆಯೇ ಕಾರಣವೆನ್ನುವುದು ಸೋಮಾರಿ ವಿಮರ್ಶೆ.

ಶಾಸನಪ್ರೇಮಿ: ನೀವಿಬ್ಬರೂ ಮಾರ್ಕಸ್‌ನ ಕಾಲನ್ನೇ ನೋಡುತ್ತಿದ್ದೀರಿ, ಅವನು ನಿಂತ ನೆಲವೇ ಅಲುಗಾಡುತ್ತಿದೆ. ಶೀರ್ಷಿಕೆಯಲ್ಲಿರುವ ಒಂಬತ್ತನೆಯ ಲೀಜನ್, ಅಂದರೆ ರೋಮನ್ ಸೇನಾಪಡೆ, ಕ್ರಿ.ಶ. 117ರ ಸುಮಾರಿಗೆ ಉತ್ತರ ಬ್ರಿಟನ್ನಿನಲ್ಲಿ ಕಣ್ಮರೆಯಾಯಿತೆಂಬ ನಂಬಿಕೆ ಒಂದು ಕಡೆ, ಇಂಗ್ಲೆಂಡಿನ ಸಿಲ್ಚೆಸ್ಟರ್‌ನಲ್ಲಿ 1866ರಲ್ಲಿ ಸಿಕ್ಕ ರೆಕ್ಕೆಯಿಲ್ಲದ ಕಂಚಿನ ಹದ್ದು ಇನ್ನೊಂದು ಕಡೆ. ಎರಡನ್ನೂ ಹೆಣೆದು ಕಥೆ ಕಟ್ಟಿದರು. ಆ ಹದ್ದು ಸೇನೆಯ ಲಾಂಛನವಲ್ಲ, ಯಾವುದೋ ವಿಗ್ರಹದ ಭಾಗ ಎನ್ನುತ್ತಾರೆ ಈಗಿನ ವಿದ್ವಾಂಸರು. ನೆದರ್ಲೆಂಡ್ಸಿನ ನೈಮೇಖನ್‌ನಲ್ಲಿ ಅದೇ ಲೀಜನ್ನಿನ ಮುದ್ರೆಯಿರುವ ಹೆಂಚುಗಳು ಸಿಕ್ಕಿವೆ. ಅದು ಬ್ರಿಟನ್ ಬಿಟ್ಟು ಹೋಗಿತ್ತೆಂದು ಹಲವರ ವಾದ.

ಹಳೆಯ ಕಪಾಟು: 1954ರಲ್ಲಿ ಇತಿಹಾಸಕಾರರೇ ಹಾಗೆ ನಂಬಿದ್ದರಲ್ಲ. ಲೇಖಕಿ ಕಣಿ ಹೇಳಬೇಕಿತ್ತೇ?

ಶಾಸನಪ್ರೇಮಿ: ಬೇಡ, ಮರುಮುದ್ರಣದಲ್ಲಿ ಅರ್ಧ ಪುಟದ ಟಿಪ್ಪಣಿ ಇದ್ದರೆ ಸಾಕು. ಹದಿಮೂರರ ಹುಡುಗನಿಗೆ ಕಾದಂಬರಿಯೇ ಚರಿತ್ರೆ.

ತಿಂಗಳ ಓದು: ನನ್ನ ತಕರಾರು ಬೇರೆ. ಒಂಬತ್ತರ ಸುಮಾರಿನವರೆಗೂ ಸಟ್‌ಕ್ಲಿಫ್ ಸ್ವತಃ ಓದಲು ಕಲಿತಿರಲಿಲ್ಲ. ಬ್ರಿಟಿಷ್ ಸಾಮ್ರಾಜ್ಯವನ್ನು ಮೆಚ್ಚಿ ಬರೆದ ಕಿಪ್ಲಿಂಗ್‌ನ ಕಥೆಗಳನ್ನು ತಾಯಿ ಓದಿ ಹೇಳುತ್ತಿದ್ದರು, ಅವು ಅವರ ಮನಸ್ಸಿನಲ್ಲಿ ಬೇರೂರಿದ್ದು ಹಾಗೆ. ಸಾಮ್ರಾಜ್ಯದ ಮೇಲಿನ ಮಮತೆಯೂ ಅಲ್ಲಿಂದಲೇ ಬಂದಿರಬೇಕು. ಮಾರ್ಕಸ್ ಎಸ್ಕಾ ಎಂಬ ಬ್ರಿಟನ್ ಯುವಕನನ್ನು ಗುಲಾಮನಾಗಿ ಕೊಂಡು, ಆಮೇಲೆ ಬಿಡುಗಡೆ ಮಾಡಿ, ಗೆಳೆಯನೂ ಆಗುತ್ತಾನೆ. ವಸಾಹತು ಆಳ್ವಿಕೆ ಕಂಡ ನಾಡಿನವಳಾದ ನನಗೆ ಅದು ಅಷ್ಟು ಸಲೀಸಾಗಿ ಗಂಟಲಲ್ಲಿ ಇಳಿಯಲಿಲ್ಲ. ಆದರೂ ಒಂದು ಮಾತು ಒಪ್ಪಬೇಕು. ರೋಮನ್ ಕಠಾರಿಯ ಒರೆಯ ಮೇಲಿನ ಅಚ್ಚುಕಟ್ಟಾದ ವಿನ್ಯಾಸವನ್ನೂ ಬ್ರಿಟನ್ ಗುರಾಣಿಯ ಹರಿಯುವ ಬಳುಕುಗಳನ್ನೂ ಹೋಲಿಸಿ, ಎರಡು ಜನಾಂಗಗಳು ಒಬ್ಬರನ್ನೊಬ್ಬರು ಅರಿಯುವುದು ಎಷ್ಟು ಕಷ್ಟವೆಂದು ಎಸ್ಕಾ ವಿವರಿಸುವ ಭಾಗವಿದೆ. ಅಲ್ಲಿ ಸೋತವನೇ ಗುರು, ಗೆದ್ದವನು ಬಾಯಿ ಮುಚ್ಚಿ ಕೇಳುತ್ತಾನೆ.

ಮಲೆಯಂಚು: ಹಾಗಿದ್ದರೆ ಬ್ರಿಟನ್ನಿನಲ್ಲಿ ಮಕ್ಕಳ ಸಾಹಿತ್ಯಕ್ಕೆ ಕೊಡುವ ಕಾರ್ನೆಗೀ ಪದಕ ಪಡೆದ, 1959ರ ‘ದಿ ಲ್ಯಾಂಟರ್ನ್ ಬೇರರ್ಸ್’ ಓದಿ. ರೋಮನ್ ಸೇನೆ ಬ್ರಿಟನ್ ಬಿಟ್ಟು ಹೊರಟಾಗ ಅದರ ಅಧಿಕಾರಿ ಅಕ್ವಿಲಾ ಹಿಂದೆ ಉಳಿಯುತ್ತಾನೆ, ಗುಲಾಮನಾಗುತ್ತಾನೆ. ಸ್ಯಾಕ್ಸನ್ನರು ಹೊತ್ತೊಯ್ದ ತಂಗಿ ಕೊನೆಗೆ ಸಿಕ್ಕರೂ, ಸ್ಯಾಕ್ಸನ್ ಗಂಡನನ್ನೂ ಮಗುವನ್ನೂ ಬಿಟ್ಟು ಬರುವುದಿಲ್ಲ ಎನ್ನುತ್ತಾಳೆ. ಅಣ್ಣನ ರೋಷಕ್ಕೆ ಅಲ್ಲಿ ಸುಲಭದ ಪರಿಹಾರವಿಲ್ಲ. ಜಖಂಗೊಂಡ ಕಾಲೂ ಇಲ್ಲ, ಬತ್ತಿದ ಕೈಯೂ ಇಲ್ಲ. ಕಪಾಟಿನವರೇ, ಇದು ಯಾರ ಆತ್ಮಕಥೆ?

ಹಳೆಯ ಕಪಾಟು: ಎಲ್ಲರೂ ಹೋದ ಮೇಲೆ ಉಳಿದವನ ಒಂಟಿತನ ಅದರಲ್ಲಿದೆಯಲ್ಲ!

ಮಲೆಯಂಚು: ಒಂಟಿತನವೊಂದೇ ಸಾಕ್ಷಿ ಸಾಲುವುದಾದರೆ ಲೋಕದ ಅರ್ಧ ಕಾದಂಬರಿಗಳನ್ನು ಸಟ್‌ಕ್ಲಿಫ್ ಅವರೇ ಬರೆದಿರಬೇಕು.